ಶೀಟಲ್ಲಿ ಲಾಭ, ಬ್ಯಾಂಕಲ್ಲಿ ಓವರ್‌ಡ್ರಾಫ್ಟ್: ಸಣ್ಣ ಉದ್ಯಮದ ಹಣಕಾಸಿನ ಮಾಡೆಲ್‌ನಲ್ಲಿ ದೋಷ ಹುಡುಕುವ ಬಗೆ

ತಿಪಟೂರು ಕಡೆ ಒಂದು ತೆಂಗಿನಪುಡಿ ಘಟಕ ಇದೆ. ಅಣ್ಣ ತಮ್ಮ ಸೇರಿ ನಡೆಸುತ್ತಾರೆ. ಕಾಯಿ ಖರೀದಿ, ಯಂತ್ರ, ಕೆಲಸದವರು ಅಣ್ಣನ ಪಾಲು. ತಮ್ಮ ಬಿ.ಕಾಂ. ಓದಿದವರು, ಲೆಕ್ಕ ಅವರದು. ಆರು ತಿಂಗಳ ಹಿಂದೆ ಅವರೇ ಎಕ್ಸೆಲ್‌ನಲ್ಲಿ ಒಂದು ಮಾಡೆಲ್ ಮಾಡಿಕೊಂಡಿದ್ದರು. ತಿಂಗಳಿಗೆ ಎಷ್ಟು ಮಾರಾಟ, ಎಷ್ಟು ಖರ್ಚು, ಕೊನೆಗೆ ಬ್ಯಾಂಕಲ್ಲಿ ಎಷ್ಟು ಉಳಿಯುತ್ತದೆ ಎಲ್ಲವೂ ಅದರಲ್ಲಿ ಇತ್ತು. ಚೆನ್ನಾಗಿಯೇ ಇತ್ತು. ಸೆಪ್ಟೆಂಬರ್ ಕೊನೆಗೆ ನಾನು ಹೋದಾಗ ಅಣ್ಣ ಕೇಳಿದ್ದು ಇಷ್ಟು: "ಸಾರ್, ಇವನ ಶೀಟಲ್ಲಿ ಹದಿನೆಂಟು ಲಕ್ಷ ಚಿಲ್ಲರೆ ಇರಬೇಕು ಅಂತಿದೆ. ಬ್ಯಾಂಕ್‌ನೋರು ನೋಡಿದ್ರೆ ಓಡಿ ಹನ್ನೆರಡು ಲಕ್ಷ ದಾಟಿದೆ ಅಂತಾರೆ. ಯಾವುದನ್ನ ನಂಬೋದು?"

ಓಡಿ ಅಂದರೆ ಓವರ್‌ಡ್ರಾಫ್ಟ್, ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಒಂದು ಮಿತಿಯವರೆಗೆ ತೆಗೆಯಲು ಬ್ಯಾಂಕ್ ಬಿಡುವ ಸಾಲ. ಬ್ಯಾಂಕನ್ನು ನಂಬಬೇಕು. ದೋಷ ಹುಡುಕುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಇರುವುದು ಆಗಿಹೋದ ಸಂಗತಿ. ಶೀಟಲ್ಲಿ ಇರುವುದು ನಮ್ಮ ಊಹೆ. ಎರಡೂ ತಾಳೆ ಆಗದಿದ್ದರೆ ತಿದ್ದಬೇಕಾದ್ದು ಶೀಟನ್ನು.

ಮೊದಲ ಪರೀಕ್ಷೆ: ಕಳೆದ ಆರು ತಿಂಗಳನ್ನು ಶೀಟ್ ತಾನೇ ಹೇಳಲಿ

ಮಾಡೆಲ್ ಕಲಿಯುವವರು ಬಹಳ ಜನ ಮುಂದಿನ ಐದು ವರ್ಷದ ಲೆಕ್ಕದಿಂದ ಶುರು ಮಾಡುತ್ತಾರೆ. ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಕೊಡುವುದಕ್ಕೇ ಅದನ್ನು ಕಲಿಯುವುದರಿಂದ ಹಾಗಾಗುತ್ತದೆ. ನಾನು ಹೇಳುವುದು ತಿರುಗಾಮುರುಗ. ಮೊದಲು ಹಿಂದಿನ ಆರು ತಿಂಗಳಿನ ನಿಜವಾದ ಮಾರಾಟ, ಖರೀದಿ, ಸಂಬಳ, ಕರೆಂಟ್ ಬಿಲ್ ಹಾಕಿ. ಏಪ್ರಿಲ್ 1ರ ಬ್ಯಾಂಕ್ ಬ್ಯಾಲೆನ್ಸ್ ಹಾಕಿ. ಸೆಪ್ಟೆಂಬರ್ 30ರ ಬ್ಯಾಲೆನ್ಸನ್ನು ಶೀಟ್ ತಾನೇ ಲೆಕ್ಕ ಹಾಕಿ ಹೇಳಬೇಕು. ಆಗಿಹೋದ ಆರು ತಿಂಗಳನ್ನೇ ಸರಿಯಾಗಿ ಹೇಳಲು ಬಾರದ ಶೀಟ್, ಬರಲಿರುವ ಐದು ವರ್ಷದ ಬಗ್ಗೆ ಹೇಳುವುದನ್ನು ಹೇಗೆ ನಂಬುವುದು, ಅಲ್ವಾ?

ಇವರ ಶೀಟಿಗೆ ಆ ಪರೀಕ್ಷೆ ಮಾಡಿದೆವು. ಅಂಕಿಗಳು ಹೀಗಿದ್ದವು. ಲೆಕ್ಕ ಸುಲಭವಾಗಲಿ ಅಂತ ಜಿಎಸ್‌ಟಿ ಬಿಟ್ಟಿದ್ದೇನೆ. ಮಾರ್ಚ್‌ವರೆಗೆ ತಿಂಗಳಿಗೆ 20 ಲಕ್ಷದ ಮಾರಾಟ. ಏಪ್ರಿಲ್‌ನಲ್ಲಿ ಹೊಸ ಗಿರಾಕಿಯೊಬ್ಬರು ಬಂದು ಅದು 30 ಲಕ್ಷಕ್ಕೆ ಏರಿತು. ತಿಂಗಳ ಲಾಭ 2.1 ಲಕ್ಷ, ಆರು ತಿಂಗಳಿಗೆ 12.6 ಲಕ್ಷ. ಏಪ್ರಿಲ್ 1ರಂದು ಬ್ಯಾಂಕಲ್ಲಿ 6.2 ಲಕ್ಷ ಇತ್ತು. ಶೀಟ್ ಎರಡನ್ನೂ ಕೂಡಿಸಿ 18.8 ಲಕ್ಷ ಅಂದಿತ್ತು. ಸ್ಟೇಟ್‌ಮೆಂಟ್ ನೋಡಿದರೆ ಓಡಿಯಲ್ಲಿ 12.44 ಲಕ್ಷ ಬಳಸಿದ್ದರು. ವ್ಯತ್ಯಾಸ 31.24 ಲಕ್ಷ.

ಇಷ್ಟು ದೊಡ್ಡ ವ್ಯತ್ಯಾಸ ನೋಡಿದ ತಕ್ಷಣ ಮನೆಯಲ್ಲಿ ಅನುಮಾನ ಹುಟ್ಟುತ್ತದೆ. ಯಾರೋ ದುಡ್ಡು ತೆಗೆದಿದ್ದಾರೆ, ಕಾಯಿ ತೂಕದಲ್ಲಿ ಮೋಸ ಆಗಿದೆ, ಹೀಗೆ. ಅಣ್ಣನ ಮುಖದಲ್ಲೂ ಆ ಪ್ರಶ್ನೆ ಇತ್ತು. ದಯವಿಟ್ಟು ಅವಸರ ಮಾಡಬೇಡಿ. ಇಲ್ಲಿ ಒಂದು ರೂಪಾಯಿಯೂ ಕಳುವಾಗಿರಲಿಲ್ಲ.

31.24 ಲಕ್ಷ ಎಲ್ಲಿ ಹೋಯಿತು

ತಮ್ಮ ಮಾಡಿದ್ದ ಫಾರ್ಮುಲಾ ಒಂದೇ ಸಾಲು: ಹಿಂದಿನ ತಿಂಗಳ ಬ್ಯಾಂಕ್ ಬ್ಯಾಲೆನ್ಸ್, ಅದಕ್ಕೆ ಈ ತಿಂಗಳ ಲಾಭ ಕೂಡಿಸು. ಕೂಡುವ ಲೆಕ್ಕ ಸರಿಯಾಗಿಯೇ ಇದೆ. ತಪ್ಪಿರುವುದು ಲಾಭವನ್ನೇ ನಗದು ಅಂದುಕೊಂಡಿದ್ದರಲ್ಲಿ. ಬಿಲ್ ಬರೆದ ದಿನ ಲಾಭ ಹುಟ್ಟುತ್ತದೆ. ಗಿರಾಕಿ ದುಡ್ಡು ಹಾಕಿದ ದಿನ ನಗದು ಬರುತ್ತದೆ. ನಾನು ನೋಡಿರುವ ಶೀಟ್‌ಗಳಲ್ಲಿ ದೊಡ್ಡ ತಪ್ಪುಗಳೆಲ್ಲ ಈ ಎರಡು ದಿನಗಳ ನಡುವಿನ ಜಾಗದಲ್ಲೇ ಸಿಕ್ಕಿವೆ.

ಹಾಗಾಗಿ ಲಾಭದಿಂದ ಬ್ಯಾಂಕಿನವರೆಗೆ ಒಂದೊಂದೇ ಮೆಟ್ಟಿಲು ಇಳಿದೆವು.

ಬರಬೇಕಾದ ಬಾಕಿ. ಹಳೇ ಗಿರಾಕಿಗಳು 45 ದಿನಕ್ಕೆ ಕೊಡುತ್ತಾರೆ. ತಿಂಗಳಿಗೆ 20 ಲಕ್ಷ ಅಂದರೆ ಯಾವಾಗಲೂ 30 ಲಕ್ಷ ಅವರ ಹತ್ತಿರ ನಿಂತಿರುತ್ತದೆ. ಇದು ಮೊದಲೂ ಇತ್ತು, ಈಗಲೂ ಇದೆ, ಬದಲಾಗಿಲ್ಲ. ಹೊಸ ಗಿರಾಕಿ ತಿಂಗಳಿಗೆ 10 ಲಕ್ಷದ ಪುಡಿ ತಗೊಳ್ಳುತ್ತಾರೆ, 75 ದಿನಕ್ಕೆ ಕೊಡುತ್ತಾರೆ. ಅಂದರೆ ಎರಡೂವರೆ ತಿಂಗಳ ಮಾಲು, 25 ಲಕ್ಷ ಅಲ್ಲಿ ನಿಂತಿತು. ಇದು ಹೊಸದು.

ಸ್ಟಾಕ್. ಮಾರಾಟ ಜಾಸ್ತಿಯಾದ ಮೇಲೆ ಕಾಯಿ, ಪುಡಿ, ಚೀಲ ಎಲ್ಲವನ್ನೂ ಜಾಸ್ತಿ ಇಟ್ಟುಕೊಳ್ಳಬೇಕಾಯಿತು. ಏಪ್ರಿಲ್‌ಗಿಂತ 4 ಲಕ್ಷ ಹೆಚ್ಚು.

ಸಾಲದ ಅಸಲು. ಯಂತ್ರದ ಸಾಲ 20 ಲಕ್ಷ, ಶೇ. 11ರ ಬಡ್ಡಿ, 60 ತಿಂಗಳು. ಇಎಂಐ 43,485 ರೂಪಾಯಿ. ಮೊದಲ ಕಂತಿನಲ್ಲಿ ಬಡ್ಡಿ 18,333, ಅಸಲು 25,152. ಲಾಭದ ಲೆಕ್ಕದಲ್ಲಿ ಬಡ್ಡಿ ಮಾತ್ರ ಖರ್ಚು. ಅಸಲು ಅಲ್ಲಿ ಕಾಣುವುದೇ ಇಲ್ಲ, ಬ್ಯಾಂಕಿನಿಂದ ಮಾತ್ರ ಹೋಗುತ್ತದೆ. ಆರು ತಿಂಗಳಿಗೆ 1.54 ಲಕ್ಷ.

ಮನೆ ಖರ್ಚು. ಇಬ್ಬರ ಮನೆಗೂ ಸೇರಿ ತಿಂಗಳಿಗೆ 60 ಸಾವಿರ ತೆಗೆಯುತ್ತಿದ್ದರು. 3.6 ಲಕ್ಷ. ಇದು ತಪ್ಪಲ್ಲ, ದುಡಿದವರು ಉಣ್ಣಲೇಬೇಕು. ಆದರೆ ಶೀಟಲ್ಲಿ ಆ ಸಾಲು ಇರಲಿಲ್ಲ.

ಓಡಿ ಬಡ್ಡಿ. ಓಡಿ ಬೇಕಾಗುತ್ತದೆ ಅಂತಲೇ ಶೀಟ್ ಅಂದುಕೊಂಡಿರಲಿಲ್ಲ. ಹಾಗಾಗಿ ಅದರ ಬಡ್ಡಿಯೂ ಇರಲಿಲ್ಲ. 60 ಸಾವಿರ.

ಇಷ್ಟೂ ಸೇರಿ 34.74 ಲಕ್ಷ. ಇದರಲ್ಲಿ ಎರಡು ವಿಷಯ ನಮ್ಮ ಕಡೆಗಿವೆ. ಸವಕಳಿ, ಅಂದರೆ ಯಂತ್ರ ಸವೆದು ಬೆಲೆ ಇಳಿಯುವ ಲೆಕ್ಕ, ಅಂತ 1.5 ಲಕ್ಷವನ್ನು ಖರ್ಚಿನಲ್ಲಿ ಹಿಡಿದಿದ್ದರು, ಅದು ಕೈಯಿಂದ ಹೋದ ದುಡ್ಡಲ್ಲ. ಚೀಲ ಮತ್ತು ಲಾರಿ ಬಾಡಿಗೆಯವರಿಗೆ ಕೊಡಬೇಕಾದ್ದು 2 ಲಕ್ಷ ಹೆಚ್ಚಾಗಿತ್ತು, ಅಂದರೆ ಅವರ ದುಡ್ಡು ಸದ್ಯಕ್ಕೆ ನಮ್ಮಲ್ಲಿದೆ. 3.5 ಲಕ್ಷ ಕಳೆದರೆ 31.24 ಲಕ್ಷ. ಸರಿಯಾಗಿ ತಾಳೆ ಆಯಿತು.

ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಲಾಭ ಆಗಿರೋದು ನಿಜ ತಾನೇ ಸಾರ್?" ಅಂದರು. ನಿಜ. 12.6 ಲಕ್ಷದಲ್ಲಿ ಓಡಿ ಬಡ್ಡಿ ಕಳೆದು 12 ಲಕ್ಷ ಲಾಭ ಆಗಿದೆ. ಆದರೆ ಅದರ ಎರಡರಷ್ಟು ದುಡ್ಡು ಹೊಸ ಗಿರಾಕಿಯ ಗೋಡೌನ್‌ನಲ್ಲಿ ಪುಡಿಯಾಗಿ ಕೂತಿದೆ.

ಬಾಕಿ ದಿನಗಳನ್ನು ಅಳೆಯುವಾಗ ಆಗುವ ತಪ್ಪು

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಕಡೆ ಉದ್ಯಮಗಳಿಗೆ ಹೆಚ್ಚು ಪೆಟ್ಟು ಕೊಡುವ ಸಂಖ್ಯೆ ಇದೇ.

"ನಿಮ್ಮ ಗಿರಾಕಿ ಎಷ್ಟು ದಿನಕ್ಕೆ ಕೊಡ್ತಾರೆ?" ಅಂತ ಕೇಳಿದರೆ ಎಲ್ಲರೂ ಮಾತಾದ ದಿನವನ್ನೇ ಹೇಳುತ್ತಾರೆ. ಮಾತು ಬೇರೆ, ಬರುವುದು ಬೇರೆ. ಕಳೆದ ಇಪ್ಪತ್ತು ಬಿಲ್ ತೆಗೆಯಿರಿ. ಬಿಲ್ ತಾರೀಖು ಒಂದು ಕಾಲಂ, ದುಡ್ಡು ಬಂದ ತಾರೀಖು ಇನ್ನೊಂದು ಕಾಲಂ. ಒಂದರಿಂದ ಒಂದು ಕಳೆಯಿರಿ. ಗಿರಾಕಿವಾರು ಸರಾಸರಿ ತೆಗೆಯಿರಿ. ಎಲ್ಲರನ್ನೂ ಸೇರಿಸಿ ಒಂದೇ ಸರಾಸರಿ ಹಾಕಬೇಡಿ. ಇವರ ಲೆಕ್ಕದಲ್ಲೇ ಒಟ್ಟು ಸರಾಸರಿ 55 ದಿನ ಬರುತ್ತದೆ. 55 ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಮುಂದೆ ಬೆಳೆಯಲಿರುವ ಮಾರಾಟವೆಲ್ಲ 75 ದಿನದ ಗಿರಾಕಿಯದು.

ಒಂದು ಮಾತು ಗೊತ್ತಿರಲಿ. ನಿಮ್ಮ ಘಟಕ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇರುವ ಕಿರು ಅಥವಾ ಸಣ್ಣ ತಯಾರಿಕಾ ಘಟಕವಾದರೆ, 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಗಿರಾಕಿ 45 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ 'ಬ್ಯಾಂಕ್ ದರ'ದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಆದಾಯ ತೆರಿಗೆಯಲ್ಲೂ ಒಂದು ಹಿಡಿತ ಇದೆ. ಆ ಗಡುವು ಮೀರಿದ ಬಾಕಿಯನ್ನು ಗಿರಾಕಿ ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಹಾಗಾಗಿ ಬಿಲ್ ಮೇಲೆ ಉದ್ಯಮ್ ನಂಬರ್ ಹಾಕಿ, ಮಾತಾಡುವಾಗ ಇದನ್ನು ನೆನಪಿಸಿ. ಆದರೆ ಶೀಟಲ್ಲಿ ಮಾತ್ರ 45 ಅಂತ ಬರೆಯಬೇಡಿ. 75 ದಿನಕ್ಕೆ ಬರುತ್ತಿದ್ದರೆ 75 ಅಂತಲೇ ಬರೆಯಿರಿ. ಶೀಟ್ ನ್ಯಾಯ ಕೇಳುವ ಜಾಗ ಅಲ್ಲ.

ಇನ್ನೊಂದು. ಸ್ಟಾಕ್ ಮತ್ತು ಬಾಕಿ ತೋರಿಸಿ ಓಡಿ ಅಥವಾ ಸಿಸಿ (ಕ್ಯಾಶ್ ಕ್ರೆಡಿಟ್, ಇದೂ ಓಡಿಯಂಥದೇ ಸಾಲ) ತೆಗೆದವರಿಗೆ, 90 ದಿನ ದಾಟಿದ ಬಾಕಿಯನ್ನು ಬ್ಯಾಂಕ್ ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. 75 ದಿನದವರು 95ಕ್ಕೆ ಜಾರಿದರೆ ದುಡ್ಡು ಬರುವುದೂ ತಡ, ತೆಗೆಯಬಹುದಾದ ಮಿತಿಯೂ ಕಡಿಮೆ. ಎರಡೂ ಒಟ್ಟಿಗೇ ಹೊಡೆಯುತ್ತವೆ.

ಲಕ್ಷಣ: ತಿಂಗಳ ಕೊನೆಗೆ ಸರಿ ಇದೆ, ಇಎಂಐ ಮಾತ್ರ ಬೌನ್ಸ್

ಇದು ಶೀಟಲ್ಲಿ ಕಾಣದ ಗುಂಡಿ. ತಿಂಗಳ ಲೆಕ್ಕದ ಶೀಟ್ ತಿಂಗಳ ಮೊದಲ ದಿನ ಮತ್ತು ಕೊನೆಯ ದಿನವನ್ನು ಮಾತ್ರ ತೋರಿಸುತ್ತದೆ. ಕಾಯಿಗೆ ವಾರವಾರವೂ ದುಡ್ಡು ಕೊಡಬೇಕು. ಶನಿವಾರ ಬಟವಾಡೆ. ಇಎಂಐ 5ಕ್ಕೆ. ಗಿರಾಕಿ ದುಡ್ಡು ಹಾಕುವುದು 25ರ ಮೇಲೆ. ನಡುವಿನ ಇಪ್ಪತ್ತು ದಿನ ಏನಾಗುತ್ತದೆ ಅಂತ ಶೀಟಿಗೆ ಗೊತ್ತೇ ಇಲ್ಲ.

ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೂಡು ಹರಾಜಿನಲ್ಲಿ ಹಿಡಿದರೆ ದುಡ್ಡು ಆಗಲೇ ಬೇಕು, ರೇಷ್ಮೆ ಮಾರಿದ ದುಡ್ಡು ಬರುವುದು ಆಮೇಲೆ. ಅವರು ಲೆಕ್ಕ ಹಾಕುವುದೇ ದಿನದ ಮೇಲೆ. ನಾವೂ ಅದನ್ನೇ ಕಲಿಯಬೇಕು.

ಮಾಡಬೇಕಾದ್ದು: ವರ್ಷದ ಶೀಟ್ ಹಾಗೇ ಇರಲಿ, ಪಕ್ಕದಲ್ಲಿ 13 ವಾರದ ಒಂದು ಶೀಟ್ ಇಡಿ. ಪ್ರತಿ ವಾರಕ್ಕೂ ಬರುವ ದುಡ್ಡು, ಹೋಗುವ ದುಡ್ಡು, ಉಳಿದದ್ದು. ಲಾಭ, ಸವಕಳಿ ಯಾವುದೂ ಇದರಲ್ಲಿ ಬೇಡ. ತೆಂಗಿನಪುಡಿ ಘಟಕದ ಏಪ್ರಿಲ್‌ನಿಂದ ಜೂನ್‌ವರೆಗಿನ ಲೆಕ್ಕವನ್ನು ಹೀಗೆ ಮತ್ತೆ ಹಾಕಿದಾಗ ಒಂದು ವಿಷಯ ಹೊರಬಿತ್ತು. ನಿಜವಾದ ಆಳ ಸೆಪ್ಟೆಂಬರ್‌ದಲ್ಲ. ಜೂನ್ ಮಧ್ಯದಲ್ಲಿ, ಹೊಸ ಗಿರಾಕಿಯ ಮೊದಲ ಚೆಕ್ ಬರುವ ಮುಂಚೆ, ಓಡಿ 17 ಲಕ್ಷಕ್ಕೆ ಹೋಗಿತ್ತು. ಮಿತಿ 20 ಲಕ್ಷ. ಆ ಚೆಕ್ ಇನ್ನು ಒಂದು ತಿಂಗಳು ತಡವಾಗಿದ್ದರೆ ಕಾಯಿ ತರುವವರಿಗೆ ಕೊಡಲು ಏನೂ ಇರುತ್ತಿರಲಿಲ್ಲ. ಅಣ್ಣನಿಗೆ ಆ ವಾರ ಚೆನ್ನಾಗಿ ನೆನಪಿತ್ತು. ಶೀಟಿಗೆ ಮಾತ್ರ ಗೊತ್ತಿರಲಿಲ್ಲ.

ಲಕ್ಷಣ: ಆಸ್ತಿ ಒಂದು ಕಡೆ, ಹೊಣೆ ಒಂದು ಕಡೆ, ತಾಳೆ ಆಗುತ್ತಿಲ್ಲ

ಬ್ಯಾಲೆನ್ಸ್ ಶೀಟ್ ತಾಳೆ ಆಗದಿದ್ದಾಗ ಕಲಿಯುವವರು ಮಾಡುವ ಕೆಟ್ಟ ಕೆಲಸ ಒಂದಿದೆ. "ಇತರೆ" ಅಂತ ಒಂದು ಸಾಲು ಹಾಕಿ ವ್ಯತ್ಯಾಸವನ್ನು ಅಲ್ಲಿಗೆ ತುಂಬುವುದು. ಹಾಗೆ ಮಾಡಿದ ದಿನ ಶೀಟ್ ಸತ್ತ ಹಾಗೆ. ದಯವಿಟ್ಟು ಮಾಡಬೇಡಿ. ವ್ಯತ್ಯಾಸದ ಸಂಖ್ಯೆಯೇ ದಾರಿ ತೋರಿಸುತ್ತದೆ.

ವ್ಯತ್ಯಾಸ 9ರಿಂದ ಭಾಗವಾಗುತ್ತದಾ ನೋಡಿ. ಭಾಗವಾದರೆ, ಅಂಕಿ ಹಿಂದುಮುಂದಾಗಿರುವ ಸಾಧ್ಯತೆ ಜಾಸ್ತಿ. 54,000 ಇರಬೇಕಾದಲ್ಲಿ 45,000 ಟೈಪ್ ಆಗಿದ್ದರೆ ವ್ಯತ್ಯಾಸ 9,000. ಇಲ್ಲದಿದ್ದರೆ ವ್ಯತ್ಯಾಸವನ್ನು ಎರಡರಿಂದ ಭಾಗಿಸಿ. ಬಂದ ಸಂಖ್ಯೆ ಶೀಟಲ್ಲಿ ಎಲ್ಲಾದರೂ ಇದ್ದರೆ, ಕಳೆಯಬೇಕಾದ್ದನ್ನು ಕೂಡಿಸಿದ್ದೀರಿ. ಯಾವ ತಿಂಗಳಿಂದ ವ್ಯತ್ಯಾಸ ಶುರುವಾಗಿದೆ ಅಂತಲೂ ನೋಡಿ. ಏಪ್ರಿಲ್‌ನಿಂದಲೇ ಒಂದೇ ಸಂಖ್ಯೆ ಉಳಿದಿದ್ದರೆ ಆರಂಭದ ಬ್ಯಾಲೆನ್ಸ್ ತಪ್ಪು. ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಯಾವುದೋ ಫಾರ್ಮುಲಾ ತಪ್ಪು.

ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಿಂದ ತಂದು ಅಂಟಿಸಿದ ಸಂಖ್ಯೆಗಳಲ್ಲಿ ಇನ್ನೊಂದು ತೊಂದರೆ. ಕಣ್ಣಿಗೆ ಸಂಖ್ಯೆಯ ಹಾಗೇ ಕಾಣುತ್ತದೆ, ಎಕ್ಸೆಲ್ ಅದನ್ನು ಅಕ್ಷರ ಅಂದುಕೊಂಡಿರುತ್ತದೆ. ಸಮ್ ಫಾರ್ಮುಲಾ ಅದನ್ನು ಸುಮ್ನೆ ಬಿಟ್ಟುಬಿಡುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಸಂಖ್ಯೆ ಸೆಲ್‌ನ ಎಡಕ್ಕೆ ಅಂಟಿಕೊಂಡಿದ್ದರೆ ಅನುಮಾನ ಪಡಿ. ತಾರೀಖಿನದೂ ಇದೇ ಕಥೆ. ದಿನ ಮೊದಲೋ ತಿಂಗಳು ಮೊದಲೋ ಅನ್ನುವುದು ಕಂಪ್ಯೂಟರಿನ ಸೆಟ್ಟಿಂಗ್ ಮೇಲೆ ನಿಂತಿದೆ. 5-4 ಅನ್ನುವುದು ಏಪ್ರಿಲ್ ಐದೋ ಮೇ ನಾಲ್ಕೋ ಅಂತ ಒಮ್ಮೆ ನೋಡಿಕೊಳ್ಳಿ.

ಕಂಟ್ರೋಲ್ ಕೀ ಹಿಡಿದು, 1ರ ಎಡಕ್ಕಿರುವ ಕೀ ಒತ್ತಿ. ಸಂಖ್ಯೆಗಳ ಜಾಗದಲ್ಲಿ ಫಾರ್ಮುಲಾಗಳೇ ಕಾಣುತ್ತವೆ. ಒಂದು ಸಾಲಿನಲ್ಲಿ ಹನ್ನೊಂದು ತಿಂಗಳು ಫಾರ್ಮುಲಾ, ಒಂದು ತಿಂಗಳು ಮಾತ್ರ ಬರಿ ಸಂಖ್ಯೆ ಇದ್ದರೆ ಯಾರೋ ಅದರ ಮೇಲೆ ಟೈಪ್ ಮಾಡಿದ್ದಾರೆ. ನಮ್ಮ ತೆಂಗಿನಪುಡಿ ಶೀಟಲ್ಲೂ ಆಗಸ್ಟ್‌ನ ಕರೆಂಟ್ ಬಿಲ್ ಹೀಗೇ ಸಿಕ್ಕಿತು. ಅಂಕಿ ಸರಿಯಾಗಿಯೇ ಇತ್ತು, ಆದರೆ ಮುಂದಿನ ವರ್ಷಕ್ಕೆ ದರ ಬದಲಿಸಿದರೆ ಆ ತಿಂಗಳು ಮಾತ್ರ ಅಲ್ಲಾಡುತ್ತಿರಲಿಲ್ಲ. ಕೈಯಿಂದ ಹಾಕುವ ಸಂಖ್ಯೆಗಳಿಗೆ ನೀಲಿ ಬಣ್ಣ, ಫಾರ್ಮುಲಾಗಳಿಗೆ ಕಪ್ಪು. ಇಷ್ಟು ಶಿಸ್ತು ಇದ್ದರೆ ಇಂಥ ತಪ್ಪು ಕಣ್ಣಿಗೆ ಕಾಣುತ್ತದೆ.

ಓಡಿ ಬಡ್ಡಿ ಸೇರಿಸಿದಾಗ ಎಕ್ಸೆಲ್ "ಸರ್ಕ್ಯುಲರ್ ರೆಫರೆನ್ಸ್" ಅಂತ ಕೂಗಿದರೆ ಗಾಬರಿ ಬೇಡ. ಬಡ್ಡಿ ಗೊತ್ತಾಗಲು ಕೊನೆಯ ಬ್ಯಾಲೆನ್ಸ್ ಬೇಕು, ಬ್ಯಾಲೆನ್ಸ್ ಗೊತ್ತಾಗಲು ಬಡ್ಡಿ ಬೇಕು, ಅದಕ್ಕೆ ಸುತ್ತುತ್ತದೆ. ತಿಂಗಳ ಆರಂಭದ ಬ್ಯಾಲೆನ್ಸ್ ಮೇಲೆ ಬಡ್ಡಿ ಹಾಕಿ. ಸಣ್ಣ ಘಟಕಕ್ಕೆ ಅಷ್ಟು ಸಾಕು.

ಲಕ್ಷಣ: ವರ್ಷದ ಒಟ್ಟು ಸರಿ, ಒಂದೊಂದು ತಿಂಗಳೂ ತಪ್ಪು

ಕಚ್ಚಾ ಮಾಲಿಗೆ ವರ್ಷದ ಸರಾಸರಿ ದರ ಹಾಕಿದರೆ ಹೀಗಾಗುತ್ತದೆ. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆ ಬದಿ ಸುರಿದ ದಿನಗಳನ್ನೂ ಅದೇ ಜಿಲ್ಲೆ ಕಂಡಿದೆ. ಇವೆರಡರ ಸರಾಸರಿ ತೆಗೆದು ಸಾಸ್ ಘಟಕದ ಲೆಕ್ಕ ಹಾಕಿದರೆ ಆ ದರ ವರ್ಷದ ಯಾವ ವಾರವೂ ಮಾರುಕಟ್ಟೆಯಲ್ಲಿ ಇರದ ದರವಾಗುತ್ತದೆ. ತಿಂಗಳವಾರು ದರ ಹಾಕಿ. ಅದರ ಕೆಳಗೆ ಒಂದು ಸೆಲ್‌ನಲ್ಲಿ ಶೇಕಡಾವಾರು ಏರಿಕೆ ಇಡಿ. ಸೊನ್ನೆ ಇದ್ದದ್ದನ್ನು 20 ಮಾಡಿದರೆ ಬ್ಯಾಂಕ್ ಬ್ಯಾಲೆನ್ಸ್ ಯಾವ ತಿಂಗಳು ಮಿತಿ ದಾಟುತ್ತದೆ ಅಂತ ಕಾಣಬೇಕು.

ತೆಂಗಿನವರು ಕರಟ ಮತ್ತು ಕಪ್ಪು ಸಿಪ್ಪೆ ಮಾರಿದ ದುಡ್ಡನ್ನು ಮರೆಯುತ್ತಾರೆ. ಅದು ಕೈಗೆ ನಗದಾಗಿ ಬಂದು ಕೂಲಿಗೆ ಹೋಗಿಬಿಡುತ್ತದೆ, ಪುಸ್ತಕಕ್ಕೆ ಹತ್ತುವುದಿಲ್ಲ. ಆಗ ಕೂಲಿ ಖರ್ಚೂ ಕಡಿಮೆ ಕಾಣುತ್ತದೆ, ಆದಾಯವೂ ಕಡಿಮೆ ಕಾಣುತ್ತದೆ. ಎರಡನ್ನೂ ಬರೆಯಿರಿ.

ಜಿಎಸ್‌ಟಿ

ತುಮಕೂರಿನ ಅಂತರಸನಹಳ್ಳಿಯ ಒಂದು ವರ್ಕ್‌ಶಾಪ್ 1 ಲಕ್ಷದ ಕೆಲಸಕ್ಕೆ ಶೇ. 18 ಸೇರಿಸಿ 1,18,000ಕ್ಕೆ ಬಿಲ್ ಮಾಡುತ್ತದೆ ಅಂದುಕೊಳ್ಳಿ. ಮಾರಾಟ 1 ಲಕ್ಷ ಮಾತ್ರ. ಬಾಕಿ 1,18,000. ಆ 18,000ದಲ್ಲಿ ನೀವು ಖರೀದಿಗೆ ಕಟ್ಟಿದ ತೆರಿಗೆ ಕಳೆದು ಉಳಿದದ್ದನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು, ಗಿರಾಕಿ ದುಡ್ಡು ಕೊಟ್ಟಿರಲಿ ಬಿಡಲಿ. ತಿಂಗಳ ರಿಟರ್ನ್ ಹಾಕುವವರ ಶೀಟಲ್ಲಿ ಇದಕ್ಕೆ ಬೇರೆ ಸಾಲೇ ಬೇಕು. 1,18,000ವನ್ನೇ ಮಾರಾಟ ಅಂತ ಹಾಕಿದ ಶೀಟ್‌ಗಳನ್ನು ಸಾಕಷ್ಟು ನೋಡಿದ್ದೇನೆ. ಲಾಭ ತುಂಬಾ ಚೆನ್ನಾಗಿ ಕಂಡರೆ ಮೊದಲು ಇದನ್ನೇ ನೋಡಿ.

ತಿದ್ದಿದ ಮೇಲೆ

ಸಂಜೆ ಹೊತ್ತಿಗೆ ಶೀಟ್ ಸೆಪ್ಟೆಂಬರ್ 30ರ ಬ್ಯಾಲೆನ್ಸನ್ನು ಸರಿಯಾಗಿ ಹೇಳಿತು. ಆಗ ಅಣ್ಣ ನಿಜವಾಗಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದರು. ಹೊಸ ಗಿರಾಕಿ ತಿಂಗಳಿಗೆ ಇನ್ನೂ 10 ಲಕ್ಷದ ಪುಡಿ ಕೇಳುತ್ತಿದ್ದಾರೆ, ಒಪ್ಪಿಕೊಳ್ಳಬಹುದಾ?

ತಮ್ಮ ಎರಡು ಸೆಲ್ ಬದಲಿಸಿದರು. 10 ಲಕ್ಷ, 75 ದಿನ. ಎರಡೂವರೆ ತಿಂಗಳಲ್ಲಿ ಓಡಿ 34 ಲಕ್ಷಕ್ಕೆ ಹೋಯಿತು. ಮಿತಿ 20. ಹೆಚ್ಚುವರಿ ಮಾಲಿಗೆ 45 ದಿನ ಅಂತ ಹಾಕಿದರು, ಆಗಲೂ ಮಿತಿ ದಾಟಿತು. 4 ಲಕ್ಷ, 45 ದಿನ ಹಾಕಿದಾಗ 17 ಲಕ್ಷದ ಆಸುಪಾಸಿನಲ್ಲಿ ನಿಂತಿತು. ಅಣ್ಣ ಮರುದಿನವೇ ಗಿರಾಕಿಗೆ ಫೋನ್ ಮಾಡಿ ಅದನ್ನೇ ಹೇಳಿದರು: ಹೆಚ್ಚಿನ ಮಾಲು ಬೇಕಾದರೆ 45 ದಿನಕ್ಕೆ, ಸದ್ಯಕ್ಕೆ 4 ಲಕ್ಷದಷ್ಟು. ಅವರು ಒಪ್ಪಿದರು.

ಈಗ ತಮ್ಮ ಪ್ರತಿ ಶನಿವಾರ ಬಟವಾಡೆ ಮುಗಿದ ಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯುತ್ತಾರೆ. ಶೀಟಿನ ಕೊನೆಗೆ ಮೂರು ಸಾಲು ಸೇರಿಸಿದ್ದಾರೆ: ಶೀಟ್ ಹೇಳಿದ್ದು, ಬ್ಯಾಂಕ್ ಹೇಳಿದ್ದು, ವ್ಯತ್ಯಾಸ. ಹೋದ ವಾರ ಫೋಟೋ ತೆಗೆದು ಕಳಿಸಿದ್ದರು. ವ್ಯತ್ಯಾಸ 1,140 ರೂಪಾಯಿ. ಪಕ್ಕದಲ್ಲಿ ಬರೆದಿದ್ದರು, "ಬ್ಯಾಂಕ್ ಚಾರ್ಜು, ಸಾಲು ಸೇರಿಸಿದೆ."